ಮಂಗಳವಾರ ಮಳೆಯಂತೆ

ನವೆಂಬರ್ ೧೨

ಪ್ರೀತಿಯ ದೊಡ್ಡಮ್ಮ,

ಮೊದಲು ಮುಖ್ಯ ಸುದ್ದಿ: ನಾನಿನ್ನೂ ಹುಚ್ಚಿಯ ಹಾಗೆ ಸುಖವಾಗಿದ್ದೇನೆ! ಮದುವೆಯಾಗಿ ಎರಡು ತಿಂಗಳಾಗುತ್ತ ಬಂತು. ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಆ ಉದ್ದನೆಯ ಮನುಷ್ಯ ಮಂಚದ ಆಚೆಗೂ ಕಾಲು ಚಾಚಿಕೊಂಡು ಮಲಗಿರುವುದನ್ನು ನೋಡಿದರೆ ಈಗಲೂ ನಗು ಬರುತ್ತದೆ. ಅವನಿಗೆ ಜಿರಾಫೆ ಎಂದು ಹೆಸರಿಟ್ಟಿದ್ದೇನೆ. ಮೊನ್ನೆ ಅತ್ತೆಯವರು ಬಾಯಿತಪ್ಪಿ "ಜಿರಾಫೆ ಊಟಕ್ಕೆ ಬಂತೇನಮ್ಮಾ?" ಎಂದುಬಿಟ್ಟರು. ಆಮೇಲೆ ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

ನಿನ್ನ ಕಣ್ಣಿನ ಡಾಕ್ಟರು ಹೊಳೆಯುವ ಸ್ಕ್ರೀನ್ ನೋಡಬಾರದು ಅಂದಿದ್ದಾರೆ, ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ. ಹಾಗಾಗಿ ನನ್ನ ಇಂಗ್ಲಿಷ್ ಮೀಡಿಯಂ ಕೈಬರಹ ನಿನ್ನ ಹಣೆಯಲ್ಲಿ ಬರೆದಿದೆ. ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನೋಡು.

ಈಗ ಎರಡನೆಯ ಸುದ್ದಿ. ನನಗೆ ನನ್ನದೇ ಒಂದು ಕೋಣೆ ಸಿಕ್ಕಿದೆ! ಕರ್ಟನ್ ಅಂಗಡಿಯ ಮೇಲುಗಡೆ. ಮೆಟ್ಟಿಲು ಅಂಗಡಿಯ ಹಿಂಭಾಗದಿಂದ ಹತ್ತುತ್ತದೆ, ರಸ್ತೆಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಕೆಳಗೆ ದರ್ಜಿ ದಿನವಿಡೀ ಮೆಷಿನ್ ತುಳಿಯುತ್ತಾನೆ. ಅದರ ಸದ್ದು ನೆಲದ ಮೂಲಕ ಸಣ್ಣಗೆ ಮೇಲೆ ಬರುತ್ತದೆ. ಮೊದಲು ತಲೆನೋವು ಅಂದುಕೊಂಡೆ, ಈಗ ಅದೇ ಇಷ್ಟ. ಆ ಸದ್ದಿರುವಾಗ ಮೇಲಿನ ಮಾತು ಯಾರಿಗೂ ಕೇಳಿಸುವುದಿಲ್ಲ.

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸದ್ಯಕ್ಕೆ ನಾಲ್ಕೇ ಜನ ಬರುತ್ತಾರೆ. ಮೂವತ್ತು ವರ್ಷ ಥೆರಪಿಸ್ಟ್ ಆಗಿದ್ದ ನೀನು ನನ್ನ ಮೇಲ್ವಿಚಾರಕಿಯಾಗಲು ಒಪ್ಪಿದ್ದು ನನ್ನ ಪುಣ್ಯ. ಕಾಗದದಲ್ಲಿ ಯಾರ ಹೆಸರನ್ನೂ ಬರೆಯಕೂಡದು, ವಸ್ತುವಿನ ಹೆಸರಿಡು ಎಂದಿದ್ದೆಯಲ್ಲ. ಇಟ್ಟಿದ್ದೇನೆ. ಬೀಗ ಹಾಕಿದ ಮೇಲೂ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಹೋಗುವವರು ಬೀಗದಕೈ. ಇನ್ನೊಬ್ಬಳು ಮಫ್ಲರ್. ಎಂಥ ಸೆಕೆಯಿದ್ದರೂ ಕುತ್ತಿಗೆಗೆ ಬೂದು ಬಣ್ಣದ ಮಫ್ಲರ್ ಸುತ್ತಿಕೊಂಡೇ ಬರುತ್ತಾಳೆ, ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರುತ್ತಾಳೆ. ಅವಳು ಇಲ್ಲಿಗೆ ಬರುವುದು ಗಂಡನಿಗೆ ಗೊತ್ತಿಲ್ಲ. ಆತ ಪ್ರತಿ ಸಂಜೆ ಅವಳ ಫೋನ್ ಕೈಗೆ ತೆಗೆದುಕೊಂಡು ನೋಡುತ್ತಾನಂತೆ. "ಹೊಡೆದಿದ್ದಾರಾ?" ಎಂದು ಕೇಳಿದೆ. "ಇಲ್ಲ. ಕೈ ಎತ್ತೋ ಅವಶ್ಯಕತೆ ಅವರಿಗೆ ಬಂದಿಲ್ಲ" ಎಂದಳು. ಆ ಮಾತು ಹೇಳುವಾಗ ನಕ್ಕಳು ದೊಡ್ಡಮ್ಮ. ಆ ನಗು ಮಾತ್ರ ನನ್ನ ಜೊತೆ ಮನೆಯ ತನಕ ಬಂತು.

ಇರಲಿ, ಖುಷಿಯ ವಿಷಯಕ್ಕೆ ಬರುತ್ತೇನೆ. ಅಪಾಯಿಂಟ್‌ಮೆಂಟು, ಟಿಪ್ಪಣಿ, ರಸೀದಿ ಎಲ್ಲವನ್ನೂ ನೋಡಿಕೊಳ್ಳಲು ಒಂದು ಸಾಫ್ಟ್‌ವೇರ್ ಆರಿಸಬೇಕು. ಮೂರನ್ನು ಟ್ರಯಲ್ ಹಾಕಿಕೊಂಡಿದ್ದೇನೆ, ಬಣ್ಣದ ಮೇಲೆ ಹೆಸರಿಟ್ಟಿದ್ದೇನೆ. ಹಸಿರು ಥೇಟ್ ಸರ್ಕಾರಿ ಕಚೇರಿ, ಒಂದು ಕೆಲಸಕ್ಕೆ ಹತ್ತು ಕಡೆ ಅಲೆಸುತ್ತದೆ. ನೀಲಿಗೆ ಬಂದವರಿಗೆಲ್ಲ ಒಂದು ಕಾಯಿಲೆಯ ಹೆಸರು ಬೇಕೇ ಬೇಕು, ಬರೆಯದಿದ್ದರೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಕಿತ್ತಳೆ ಮಾತ್ರ, ಅಯ್ಯೋ, ಎಷ್ಟು ಮುದ್ದಾಗಿದೆ ಗೊತ್ತಾ! ಬೆಳಿಗ್ಗೆ ತೆರೆದರೆ "ಶುಭೋದಯ, ಇವತ್ತು ನಿಮಗಾಗಿ ಇಬ್ಬರು ಕಾಯುತ್ತಿದ್ದಾರೆ" ಎನ್ನುತ್ತದೆ. ಯಾವುದು ತೆಗೆದುಕೊಳ್ಳಲಿ?

ನಿನ್ನ ಕಣ್ಣಿಗೆ ಎರಡು ಮುತ್ತು,
ಅರಳು


ನವೆಂಬರ್ ೨೧

ಅರಳು,

ಚಿಕ್ಕಂದಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತೀಯ ಎಂದು ಈ ಹೆಸರಿಟ್ಟವಳು ನಾನೇ, ಈಗ ಅನುಭವಿಸುತ್ತಿದ್ದೇನೆ. ನಿನ್ನ ಸುಖ ನೋಡಿ ಹೊಟ್ಟೆ ತಣ್ಣಗಾಯಿತು. ಅಳಿಯಂದಿರಿಗೆ ಉದ್ದದ ಮಂಚ ಮಾಡಿಸು.

ಸಾಫ್ಟ್‌ವೇರ್ ಬಗ್ಗೆ ನನ್ನನ್ನು ಕೇಳುವುದೂ ಒಂದೇ, ಈಜಿನ ಬಗ್ಗೆ ಬೆಕ್ಕನ್ನು ಕೇಳುವುದೂ ಒಂದೇ. ನಾನು ಹೊಸದಕ್ಕೆಲ್ಲ ಹೆದರುವ ಹೆಂಗಸು. ಮೊದಲ ಸಲ ಫೋನಿಗೆ ತಾನೇ ಉತ್ತರ ಕೊಡುವ ಆನ್ಸರಿಂಗ್ ಮೆಷಿನ್ ತಂದಾಗ ಅದರ ಮೇಲೆ ದಿಂಬು ಇಟ್ಟು ಮಲಗಿದ್ದೆ. ನನ್ನ ಭಯದ ಮೇಲೆ ನೀನು ತೀರ್ಮಾನ ಮಾಡಬೇಡ. ಆದರೆ ಹೊಸ ಕೆಲಸಗಾರರನ್ನು ಇಟ್ಟುಕೊಳ್ಳುವಾಗ ಕೇಳುವುದನ್ನಾದರೂ ಕೇಳು. ನೀನು ಮನೆಗೆ ಹೋದಮೇಲೆ ಅದು ಒಂಟಿಯಾಗಿ ಏನು ಮಾಡುತ್ತದೆ? ಯಾರ ಜೊತೆ ಮಾತಾಡುತ್ತದೆ? ನೀನು ಹೇಳದೆ ಯಾರಿಗಾದರೂ ಏನಾದರೂ ಕಳಿಸುತ್ತದೆಯೆ? ಶುಭೋದಯ ಹೇಳುವುದು ಬಿಡು, ಅದಕ್ಕೆ ಬಾಯಿ ಮುಚ್ಚಿಕೊಂಡಿರಲು ಬರುತ್ತದೆಯೆ?

ನಗುತ್ತ ಅಂಥ ಮಾತು ಹೇಳುವ ಕೆಲವರನ್ನು ನಾನು ಕಂಡಿದ್ದೇನೆ. ಮಫ್ಲರನ್ನು ಅವಸರಿಸಬೇಡ. ಅವಳು ಬಾಗಿಲ ಕಡೆ ನೋಡುತ್ತ ಕೂರಲಿ. ಬಾಗಿಲನ್ನು ನೀನೂ ನೋಡಿಕೊ.

ಎರಡನೆಯ ಕಣ್ಣಿನ ಆಪರೇಷನ್ ಮುಂದಿನ ತಿಂಗಳು. ಉತ್ತರ ತಡವಾದರೆ ಮುನಿಸಿಕೊಳ್ಳಬೇಡ.

ದೊಡ್ಡಮ್ಮ


ಡಿಸೆಂಬರ್ ೧೬

ದೊಡ್ಡಮ್ಮ, ದೊಡ್ಡಮ್ಮ,

ಕಿತ್ತಳೆಯೇ ಗೆದ್ದಿತು! ನಿನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ, ಆಣೆ. ಅವರ ಸಹಾಯವಾಣಿಯ ಹುಡುಗಿಗೆ ನನ್ನಿಂದ ಬೇಸರ ಬಂದಿರಬೇಕು. ಟಿಪ್ಪಣಿಗಳನ್ನು ನಾನಲ್ಲದೆ ಯಾರೂ ತೆರೆಯಲಾರರು, ಕಂಪನಿಯವರೂ ಕೂಡ. ಹಿಂದಿನ ದಿನ ಎಲ್ಲರಿಗೂ ನೆನಪಿನ ಸಂದೇಶ ಹೋಗುತ್ತದೆ. ಮಫ್ಲರ್‌ಗೆ ಮಾತ್ರ ಅದನ್ನು ಆಫ್ ಮಾಡಿದ್ದೇನೆ. ಎರಡು ಸಲ ಪರೀಕ್ಷೆ ಮಾಡಿಯೂ ನೋಡಿದೆ. ಶಾಭಾಸ್ ಅನ್ನು!

ಮನೆಯಲ್ಲಿ ಕುಳಿತು ಇದನ್ನೆಲ್ಲ ಜಿರಾಫೆಗೆ ಹೇಳಿದೆ. ಅವನು ಲಿಫ್ಟ್‌ಗಳ ಸುರಕ್ಷತೆ ತಪಾಸಣೆ ಮಾಡುವ ಕಚೇರಿಯಲ್ಲಿದ್ದಾನಲ್ಲ, ಎಲ್ಲದಕ್ಕೂ ಲಿಫ್ಟಿನದೇ ಉದಾಹರಣೆ. "ಲಿಫ್ಟಿನ ಹಗ್ಗ ಹರಿಯೋದು ಸಿನಿಮಾದಲ್ಲಿ ಮಾತ್ರ ಕಣೇ. ಜನಕ್ಕೆ ಏಟಾಗೋದೆಲ್ಲ ಬಾಗಿಲಲ್ಲಿ" ಅಂದ. ನೀನೂ ಬಾಗಿಲು ಅಂದಿದ್ದೆ, ಅವನೂ ಬಾಗಿಲು ಅಂದ. ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಹೇಳಲೇಬೇಕು, ನಗಬಾರದು. ನಾವಿಬ್ಬರೂ ನಮ್ಮ ಫೋನಿನ ಕ್ಯಾಲೆಂಡರುಗಳನ್ನು ಒಂದು ಮಾಡಿಕೊಂಡೆವು! 'ಎಲ್ಲವನ್ನೂ ಹಂಚಿಕೊಳ್ಳಬೇಕೆ, ಅಥವಾ ಬಿಡುವಿಲ್ಲ ಎಂದಷ್ಟೇ ತೋರಿಸಬೇಕೆ?' ಎಂದು ಅದು ಕೇಳಿತು. ಗಂಡಹೆಂಡಿರ ನಡುವೆ ಏನು ಮುಚ್ಚುಮರೆ? ಇಬ್ಬರೂ ಒಟ್ಟಿಗೆ ಬೆರಳಿಟ್ಟು 'ಎಲ್ಲವನ್ನೂ' ಎಂದು ಒತ್ತಿದೆವು. ಮದುವೆಯ ದಿನ ಕೈ ಹಿಡಿದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಅಡುಗೆಮನೆಯ ಗೋಡೆಗೆ ಅವನು ಒಂದು ಸ್ಕ್ರೀನ್ ತಂದು ಸ್ಕ್ರೂ ಹಾಕಿ ಕೂರಿಸಿದ್ದಾನೆ. ಮೇಲೆ ಹವಾಮಾನ, ಕೆಳಗೆ ನಮ್ಮಿಬ್ಬರ ವಾರ. ಅವನ ಕೆಲಸ ನೀಲಿ, ನನ್ನದು ಗುಲಾಬಿ. ತನ್ನ ಎತ್ತರಕ್ಕೆ ಕೂರಿಸಿದ್ದಾನೆ ಮಹಾರಾಯ. ನಾನು ತುದಿಗಾಲಲ್ಲಿ ನಿಂತರೂ ನನ್ನ ತಲೆ ಅದರ ಕೆಳಗಿನ ಅಂಚಿಗಷ್ಟೇ ಬರುತ್ತದೆ. ಹೋಗಲಿ ಬಿಡು, ನನಗೆ ನನ್ನ ಫೋನೇ ಸಾಕು.

ಕಿತ್ತಳೆಯನ್ನೂ ನಿನ್ನೆ ನನ್ನ ಫೋನಿನ ಕ್ಯಾಲೆಂಡರಿಗೆ ಜೋಡಿಸಿದೆ. ಎರಡೆರಡು ಕಡೆ ಬರೆದುಕೊಳ್ಳುವ ಕಷ್ಟ ತಪ್ಪಿತು.

ಮಫ್ಲರ್ ಕಳೆದ ಮಂಗಳವಾರ ಮೊದಲ ಬಾರಿಗೆ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಸ್ವಲ್ಪ ಹೊತ್ತು ಅಷ್ಟೇ. ನನಗೆ ಅಳುವೇ ಬಂತು.

ಆಪರೇಷನ್ ಚೆನ್ನಾಗಿ ಆಗಲಿ. ನಿನ್ನ ಕೈ ಹಿಡಿದುಕೊಂಡಿದ್ದೇನೆ ಅಂದುಕೊ.

ನಿನ್ನದೇ ಅರಳು


ಜನವರಿ ೮

ಅರಳು,

ಕಣ್ಣಿನ ಪಟ್ಟಿ ಇವತ್ತು ಬಿಚ್ಚಿದರು. ನಿನ್ನ ಕಾಗದ ಮೂರು ವಾರದಿಂದ ದಿಂಬಿನ ಕೆಳಗಿತ್ತು, ಈಗಷ್ಟೇ ಓದಿದೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ. ಒಂದೇ ಪ್ರಶ್ನೆ, ಇದನ್ನು ಓದಿದ ತಕ್ಷಣ ಹೋಗಿ ನೋಡು.

ಕಿತ್ತಳೆಯನ್ನು ನಿನ್ನ ಕ್ಯಾಲೆಂಡರಿಗೆ ಜೋಡಿಸಿದೆ ಅಂದೆ. ನಿನ್ನ ಕ್ಯಾಲೆಂಡರು ಅಡುಗೆಮನೆಯ ಗೋಡೆಯ ಮೇಲಿದೆ ಅಂದೆ. ಹಾಗಾದರೆ ಆ ಗೋಡೆಯ ಮೇಲೆ ಈಗ ಏನು ಕಾಣುತ್ತಿದೆ? ಸ್ಟೂಲ್ ಹಾಕಿಕೊಂಡು ಹತ್ತಿ ನೋಡು.

ದೊಡ್ಡಮ್ಮ


ಜನವರಿ ೧೨

ದೊಡ್ಡಮ್ಮ,

ನಿನ್ನ ಕಾಗದ ಇವತ್ತು ಬಂತು. ಒಂದು ದಿನ ತಡವಾಗಿ.

ನಿನ್ನೆ ಭಾನುವಾರ ಜಿರಾಫೆ ತನ್ನ ಕಚೇರಿಯ ಸಾಹೇಬರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದಿದ್ದ. "ನಿನಗೊಂದು ಸರ್ಪ್ರೈಸ್ ಇದೆ" ಎಂದು ಬೆಳಗಿನಿಂದ ನಗುತ್ತಿದ್ದ. ಬಾಗಿಲು ತೆರೆದೆ. ಸಾಹೇಬರ ಹಿಂದೆ ಬೂದು ಮಫ್ಲರ್ ಸುತ್ತಿಕೊಂಡು ಅವಳು ನಿಂತಿದ್ದಳು.

ಹೊರಗೆ ಎಲ್ಲಾದರೂ ಎದುರಾದರೆ ಅವರು ಗುರುತಿಸುವ ತನಕ ನಾವು ಗುರುತಿಸಬಾರದು ಎಂದು ನೀನೇ ಕಲಿಸಿದ್ದು. ಅವಳೇ ಕೈಮುಗಿದು, "ನಮಸ್ಕಾರ. ನಿಮ್ಮನ್ನು ನೋಡ್ತಿರೋದು ಇದೇ ಮೊದಲು" ಎಂದಳು.

"ಇದೇ ಮೊದಲಾ?" ಸಾಹೇಬರು ಇಬ್ಬರನ್ನೂ ನೋಡಿ ನಕ್ಕರು. ಬಹಳ ಒಳ್ಳೆಯ ನಗು, ಹಲ್ಲೆಲ್ಲ ಸಾಲಾಗಿದೆ. "ನಿಮ್ಮಿಬ್ಬರಿಗೂ ಪರಿಚಯ ಇದೆ ಅಂತ ಕೇಳಿದ್ನಲ್ಲಮ್ಮ ನಾನು."

"ಯಾರೋ ಬೇರೆಯವರಿರಬೇಕು" ಎಂದಳು. ಜಿರಾಫೆ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಊಟದುದ್ದಕ್ಕೂ ಸಾಹೇಬರು ಅವಳ ತಟ್ಟೆಗೆ ತಾವೇ ಬಡಿಸಿದರು. "ಇವಳಿಗೆ ಏನು ಬೇಕು ಅಂತ ಇವಳಿಗಿಂತ ನನಗೇ ಚೆನ್ನಾಗಿ ಗೊತ್ತು" ಎಂದರು. ಅತ್ತೆಯವರಿಗೆ ಬಹಳ ಮೆಚ್ಚಿಗೆಯಾಯಿತು. "ಎಂಥ ಗಂಡನಮ್ಮ, ಪುಣ್ಯವಂತೆ ನೀನು" ಎಂದು ಅವಳಿಗೆ ಹೇಳಿದರು. ಅವಳು ತಲೆಯಾಡಿಸಿದಳು.

ಊಟ ಮುಗಿದ ಮೇಲೆ ತಟ್ಟೆ ಎತ್ತಿಕೊಂಡು ಅವಳೂ ನನ್ನ ಹಿಂದೆ ಅಡುಗೆಮನೆಗೆ ಬಂದಳು. ಏನಾದರೂ ಹೇಳೋಣವೆಂದು ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ನಾನೂ ಕತ್ತೆತ್ತಿದೆ. ಮೇಲೆ ಮೋಡದ ಚಿತ್ರ. ಅದರ ಕೆಳಗೆ ಮಂಗಳವಾರದ ಜಾಗದಲ್ಲಿ ಗುಲಾಬಿ ಬಣ್ಣದಲ್ಲಿ ಅವಳ ಹೆಸರು, ಪೂರ್ತಿ ಹೆಸರು. 'ನಾಲ್ಕು ಗಂಟೆ. ಹನ್ನೊಂದನೇ ಭೇಟಿ.'

ಆರಿಸುವ ಗುಂಡಿ ಮೇಲಿನ ಅಂಚಿನಲ್ಲಿದೆ. ನನ್ನ ಕೈಗೆ ಎಟಕುವುದಿಲ್ಲ. ಅಷ್ಟರಲ್ಲಿ, "ಒಂಚೂರು ಬಿಸಿನೀರು ಸಿಗುತ್ತಾಮ್ಮ?" ಎನ್ನುತ್ತ ಸಾಹೇಬರ ದನಿ ಒಳಗೇ ಬರುತ್ತಿತ್ತು.

ಅವಳು ನನಗಿಂತ ಎತ್ತರ. ಕುತ್ತಿಗೆಯ ಮಫ್ಲರ್ ಬಿಚ್ಚಿದಳು. ಗೂಟಕ್ಕೆ ಬಟ್ಟೆ ಹಾಕುವ ಹಾಗೆ ಅದನ್ನು ಸ್ಕ್ರೀನಿನ ಮೇಲೆ ಹಾಕಿ, ನಲ್ಲಿ ತಿರುಗಿಸಿ ತಟ್ಟೆ ತೊಳೆಯತೊಡಗಿದಳು. ಸಾಹೇಬರು ಬಂದು ನೀರು ಕುಡಿದು, "ಹೊರಡೋಣ" ಎಂದು ಅವಳನ್ನು ಕರೆದುಕೊಂಡು ಹೋದರು. ನನಗೆ ಉಸಿರು ಬಂತು.

ಗೇಟಿನ ಹತ್ತಿರ ಅವರ ದನಿ ಕೇಳಿಸಿತು. "ಮಫ್ಲರ್ ಎಲ್ಲಿ?"

"ಒಳಗೆ ಮರೆತೆ. ಬಿಡಿ, ಇನ್ನೊಂದ್ಸಲ ಬಂದಾಗ ತಗೊಂಡ್ರಾಯ್ತು."

"ಛೆ, ಶೀತ ಆಗಲ್ವಾ ನಿಂಗೆ? ನಾನೇ ತರ್ತೀನಿ ಇರು."

"ನಾನು ತರ್ತೀನಿ ಸರ್!" ಎಂದು ಕೂಗಿ ಓಡಿದೆ. ಅವರು ಅಲ್ಲೇ ನಿಂತಿದ್ದಾರೆ ಅಂದುಕೊಂಡಿದ್ದೆ. ಹಾರಿ ಮಫ್ಲರ್ ಎಳೆದುಕೊಂಡು ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ. ನಾನು ಗೋಡೆಗೆ ಬೆನ್ನು ಒತ್ತಿ ನಿಂತೆ. ಆದರೆ ನನ್ನ ತಲೆ ಎಲ್ಲಿಗೆ ಬರುತ್ತದೆ ಎಂದು ನಿನಗೆ ಬರೆದಿದ್ದೇನೆ.

"ಥ್ಯಾಂಕ್ಸ್ ಅಮ್ಮ" ಎಂದು ಕೈ ಚಾಚಿದರು. ಮುಖದಲ್ಲಿ ಅದೇ ನಗು. ಕಾರಿನಲ್ಲಿ ಅವಳನ್ನು ಕೂರಿಸಿ, ಮಫ್ಲರನ್ನು ತಾವೇ ಅವಳ ಕುತ್ತಿಗೆಗೆ ಸುತ್ತಿ, ಬಾಗಿಲು ಹಾಕುವ ಮುಂಚೆ ಯಾರಿಗೋ ಎನ್ನುವ ಹಾಗೆ ಹೇಳಿದರು: "ಮಂಗಳವಾರ ಮಳೆಯಂತೆ."

ಹವಾಮಾನ ಮಾತ್ರ ನೋಡಿದರೇ ದೊಡ್ಡಮ್ಮ? ಮೋಡದ ಚಿತ್ರಕ್ಕೂ ಅವಳ ಹೆಸರಿಗೂ ನಡುವೆ ಒಂದು ಬೆರಳು ಜಾಗ ಇಲ್ಲ.

ಎಲ್ಲರೂ ಹೋದಮೇಲೆ ಜಿರಾಫೆಯನ್ನು ಕೇಳಿದೆ. "ನಮಗಿಬ್ಬರಿಗೂ ಪರಿಚಯ ಅಂತ ಅವರಿಗೆ ಹೇಳಿದ್ದು ಯಾರು?"

"ನಾನೇ. ಗೋಡೆ ಮೇಲೆ ಅವರ ಹೆಸರು ಕಂಡೆ, ವಾರ ವಾರವೂ. ಫ್ರೆಂಡ್ಸ್ ಆಗಿದೀರ ಅಂತ ಖುಷಿಯಾಯ್ತು. ಅದಕ್ಕೇ ಕರೆದಿದ್ದು."

"ಆ ಹೊತ್ತಲ್ಲಿ ನಾನು ಕೋಣೆಯಲ್ಲಿ ಕೆಲಸ ಮಾಡ್ತಿರ್ತೀನಿ ಅಂತ ಗೊತ್ತಿಲ್ವಾ ನಿಂಗೆ?"

"ಸಾಹೇಬರ ಹೆಂಡ್ತಿಗೆ ಅಂಥಾ ತೊಂದ್ರೆ ಏನಿರುತ್ತೆ ಅಂದ್ಕೊಂಡೆ."

"ಮಂಗಳವಾರ ಅಂತ ಹೇಳಿದ್ಯಾ ಅವ್ರಿಗೆ?"

"ಇಲ್ಲ. ಇಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಏನೋ?"

ಅವನು ಸ್ಕ್ರೂಡ್ರೈವರ್ ತಂದು ಸ್ಕ್ರೀನ್ ಬಿಚ್ಚಿದ. ಗೋಡೆಯಲ್ಲಿ ನಾಲ್ಕು ತೂತು ಉಳಿದಿವೆ. ಅತ್ತೆಯವರು ಏನಾಯಿತೆಂದು ಕೇಳಿದರು, ಕೆಟ್ಟುಹೋಗಿದೆ ಅಂದೆ.

ನಾಳೆ ಮಂಗಳವಾರ.

ಅರಳು


ಜನವರಿ ೧೩, ಸಂಜೆ

ದೊಡ್ಡಮ್ಮ,

ನಿನ್ನೆಯ ಕಾಗದ ನಿನಗೆ ತಲುಪುವ ಮುಂಚೆಯೇ ಇನ್ನೊಂದು ಬರೆಯುತ್ತಿದ್ದೇನೆ. ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅವಳು ಬರಲಿಲ್ಲ. ಮಳೆಯೂ ಬರಲಿಲ್ಲ.

ನಾಲ್ಕಕ್ಕೆ ಅವಳ ಕುರ್ಚಿಯನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿಟ್ಟೆ. ಕೆಳಗೆ ದರ್ಜಿಯ ಮೆಷಿನ್ ನಿಂತಾಗಲೆಲ್ಲ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿದ ಹಾಗಾಗುತ್ತಿತ್ತು. ಅವಳದು ಅನ್ನಿಸುತ್ತಿತ್ತು, ಆಮೇಲೆ ಆತನದು ಅನ್ನಿಸುತ್ತಿತ್ತು. ಎದ್ದು ಹೋಗಿ ಅಗುಳಿ ಹಾಕಿದೆ. ಮತ್ತೆ ನಾಚಿಕೆಯಾಗಿ ತೆಗೆದೆ.

ಐದು ದಾಟಿದ ಮೇಲೆ ಕಿತ್ತಳೆ ತಾನಾಗಿ ಕೇಳಿತು: 'ಇವರು ಬಂದರೇ?' ಬರಲಿಲ್ಲ ಎಂದು ಒತ್ತುವುದರಲ್ಲಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ಓದಿದೆ. ಗೈರುಹಾಜರಾದವರಿಗೆ ಒಂದು ಸಂದೇಶ ಹೋಗುತ್ತದಂತೆ: 'ಇಂದು ನಿಮ್ಮ ದಾರಿ ನೋಡಿದೆವು. ಕ್ಷೇಮವೆ?' ಅವಳ ಫೋನಿಗೆ. ಸಂಜೆ ಆತ ಕೈಗೆ ತೆಗೆದುಕೊಳ್ಳುವ ಫೋನಿಗೆ.

ಸಹಾಯವಾಣಿಗೆ ಫೋನ್ ಮಾಡಿದೆ. ಅದೇ ಹುಡುಗಿ.

"ಇವರಿಗೆ ರಿಮೈಂಡರ್ ಆಫ್ ಮಾಡಿದೀನಿ. ಆದ್ರೂ ಮೆಸೇಜ್ ಹೋಗುತ್ತೆ ಅಂತಿದೆಯಲ್ಲ?"

"ಅದು ರಿಮೈಂಡರ್ ಅಲ್ಲ ಮೇಡಂ, ಕಾಳಜಿ ಸಂದೇಶ. ತುಂಬಾ ಜನಕ್ಕೆ ಇಷ್ಟ ಆಗುತ್ತೆ."

"ನನಗೆ ಬೇಡ. ನಿಲ್ಲಿಸಿ."

"ನಿಲ್ಲಿಸಬಹುದು ಮೇಡಂ, ನಾಳೆಯಿಂದ ಜಾರಿಗೆ ಬರುತ್ತೆ."

"ಅಪಾಯಿಂಟ್‌ಮೆಂಟೇ ಅಳಿಸಿಹಾಕಿದ್ರೆ?"

"ರದ್ದಾಗಿದೆ ಅಂತ ಅವರಿಗೆ ತಿಳಿಸುತ್ತೆ ಮೇಡಂ."

"ಏನೂ ಒತ್ತದೆ ಬಿಟ್ರೆ?"

"ಆರು ಗಂಟೆಗೆ ತಾನಾಗೇ ಗೈರುಹಾಜರಿ ಅಂತ ತಗೊಳ್ಳುತ್ತೆ. ಮೇಡಂ, ನೀವು ಅಳ್ತಿದೀರಾ?"

ಬಂದರು ಎಂದು ಒತ್ತಿದರೆ ಯಾರಿಗೂ ಏನೂ ಹೋಗುವುದಿಲ್ಲ. ಬೆರಳು ಅಲ್ಲಿಗೇ ಹೋಗಿತ್ತು ದೊಡ್ಡಮ್ಮ. ಆಗ ಒಂದು ಯೋಚನೆ ಬಂದು ಬೆರಳು ಹಿಂದಕ್ಕೆ ತೆಗೆದೆ. ಈ ಹೊತ್ತಿನಲ್ಲಿ ಅವಳಿಗೆ ಏನಾದರೂ ಆಗುತ್ತಿದ್ದರೆ? ನಾಳೆ ಯಾರಾದರೂ ಬಂದು ಕೇಳಿದರೆ, ಅವಳು ನನ್ನ ಕೋಣೆಯಲ್ಲಿ ಕ್ಷೇಮವಾಗಿ ಕೂತಿದ್ದಳು ಎಂದು ನನ್ನದೇ ದಾಖಲೆ ಹೇಳುತ್ತದೆ.

ಆರಕ್ಕೆ ಸ್ವಲ್ಪ ಮುಂಚೆ ಹೊಳೆಯಿತು. ಅವಳ ಫೋನ್ ನಂಬರ್ ಅಳಿಸಿ ಆ ಜಾಗದಲ್ಲಿ ನನ್ನ ನಂಬರ್ ಹಾಕಿದೆ. 'ಹಳೆಯ ನಂಬರಿಗೆ ಈ ಬದಲಾವಣೆ ತಿಳಿಸಬೇಕೆ?' ಎಂದು ಕೇಳಿತು, ಪಾಪಿ. ಬೇಡ ಎಂದು ಒತ್ತಿದೆ. ಸರಿಯಾಗಿ ಒತ್ತಿದೆನೇ ಎಂದು ಬೀಗದಕೈಯವರ ಹಾಗೆ ಮತ್ತೆ ಮತ್ತೆ ನೋಡಿದೆ. ಆಮೇಲೆ ಕಾದೆ.

ಆರಕ್ಕೆ ನನ್ನ ಫೋನ್ ಗುಂಯ್ ಎಂದಿತು. ಅವಳ ಹೆಸರು ಹಿಡಿದು ಕರೆದಿತ್ತು. 'ಇಂದು ನಿಮ್ಮ ದಾರಿ ನೋಡಿದೆವು. ಕ್ಷೇಮವೆ?' ಕೆಳಗೆ ನನ್ನದೇ ಸಹಿ.

ಈಗ ಏನು ಮಾಡಲಿ? ಹುಡುಕಿಕೊಂಡು ಹೋಗಲೇ? ಜಿರಾಫೆಯ ಮೂಲಕ ಏನಾದರೂ ತಿಳಿದುಕೊಳ್ಳಲೇ? ಬೇಗ ಬರೆ.

ಅರಳು


ಜನವರಿ ೧೯

ಮಗೂ,

ಎರಡು ಕಾಗದವೂ ಒಟ್ಟಿಗೆ ಬಂದವು. ಓದಿ ನನಗೂ ಭಯವಾಯಿತು, ಅದನ್ನು ಬಚ್ಚಿಡುವುದಿಲ್ಲ.

ಹುಡುಕಿಕೊಂಡು ಹೋಗಬೇಡ. ನೀನು ಹತ್ತಿರ ಹೋದಷ್ಟೂ ಅವಳು ಸಿಕ್ಕಿಬೀಳುತ್ತಾಳೆ. ಅಳಿಯಂದಿರ ಹತ್ತಿರ ಸಾಹೇಬರ ಸುದ್ದಿ ಎತ್ತಬೇಡ, ಅವರು ತಾವಾಗಿ ಹೇಳಿದರೆ ಕೇಳಿಸಿಕೊ. ಗಂಡನ ಮೇಲೆ ಸಿಟ್ಟು ಸಾಧಿಸಬೇಡ. ಆ 'ಎಲ್ಲವನ್ನೂ' ಒತ್ತುವಾಗ ಎರಡು ಬೆರಳಿದ್ದವು. ಉಳಿದ ಮೂವರ ಹೆಸರೂ ಅದೇ ಗೋಡೆಯ ಮೇಲಿತ್ತು, ಮರೆಯಬೇಡ. ಆ ಮೂವರು ಬಂದಾಗ, ನಡೆದದ್ದನ್ನು ಅವರಿಗೂ ಹೇಳಬೇಕು. ಬಿಟ್ಟುಹೋದರೆ ಹೋಗಲಿ.

ಮಂಗಳವಾರ ನಾಲ್ಕು ಗಂಟೆ ಅವಳದು. ಬೇರೆಯವರಿಗೆ ಕೊಡಬೇಡ. ಬಂದರೆ ಸಮಾಧಾನ ಹೇಳಲು ಹೋಗಬೇಡ. ಕೇಳಿದ್ದಕ್ಕೆಲ್ಲ ನಿಜ ಹೇಳು, ಅದು ನಿನ್ನನ್ನು ಎಷ್ಟು ಸಣ್ಣವಳನ್ನಾಗಿ ಮಾಡಿದರೂ ಸರಿ. ನೀನು ಇನ್ನು ಅವಳ ಥೆರಪಿಸ್ಟ್ ಆಗಿರುವಂತಿಲ್ಲ ಎನ್ನುವುದೂ ನಿಜವೇ. ಅವಳ ಗಂಡನ ಕೈಕೆಳಗೆ ನಿನ್ನ ಗಂಡ ಇದ್ದಾನೆ.

ನಿಮ್ಮೂರಿನಲ್ಲೇ ನನ್ನ ಹಳೆಯ ಗೆಳತಿಯೊಬ್ಬಳಿದ್ದಾಳೆ, ಇದೇ ಕೆಲಸ. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ ಅವಳ ಕೋಣೆ. ಹಲ್ಲುನೋವು ಯಾರಿಗೆ ಬೇಕಾದರೂ ಬರಬಹುದು. ವಿಳಾಸ ಬೇರೆ ಚೀಟಿಯಲ್ಲಿದೆ. ಬಾಯಿಪಾಠ ಮಾಡಿ ಹರಿದುಹಾಕು.

ದೊಡ್ಡಮ್ಮ


ಫೆಬ್ರವರಿ ೧೩

ದೊಡ್ಡಮ್ಮ,

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಮಂಗಳವಾರಗಳು ಬಂದವು, ಹೋದವು. ಕಾಳಜಿ ಸಂದೇಶ ನಿಲ್ಲಿಸಿದ್ದೇನೆ. ನನ್ನ ನಂಬರಿಗೆ ನೆನಪಿನ ಸಂದೇಶವನ್ನು ಮಾತ್ರ ನಾನೇ ಆನ್ ಮಾಡಿಕೊಂಡೆ. ಪ್ರತಿ ಸೋಮವಾರ ಅವಳ ಹೆಸರು ಹಿಡಿದು ಅದು ನನ್ನನ್ನು ಕರೆಯುತ್ತದೆ: 'ನಾಳೆ ನಾಲ್ಕಕ್ಕೆ ಭೇಟಿ.' ನಾನು ಹೋಗಿ ಕೂತು ಬರುತ್ತೇನೆ.

ಉಳಿದ ಮೂವರಿಗೂ ಹೇಳಿದೆ. ಒಬ್ಬರು ಅಲ್ಲೇ ಎದ್ದು ಹೋದರು, ಮತ್ತೆ ಬಂದಿಲ್ಲ. ಬೀಗದಕೈಯವರು "ನಾನು ಒಬ್ಬನೇ ಅಲ್ಲ ಅನ್ನಿ ಹಾಗಾದ್ರೆ, ಬಾಗಿಲು ನೋಡ್ಕೋಬೇಕಾದೋನು" ಎಂದರು. ನಕ್ಕೆವು.

ಜಿರಾಫೆ ಒಂದು ಸುದ್ದಿ ಹೇಳಿದ, ನಾನು ಕೇಳದೆಯೇ. ಸಾಹೇಬರು ಈಗ ಅವನನ್ನು ದಿನಾ ಕೋಣೆಗೆ ಕರೆಯುತ್ತಾರಂತೆ. ಕೆಲಸದ ಮಾತಿಲ್ಲ. "ಮನೇಲಿ ಹೇಗಿದಾರೆ? ಕೆಲಸ ಚೆನ್ನಾಗಿ ನಡೀತಿದ್ಯಾ? ಯಾರ್ಯಾರು ಬರ್ತಾರೆ?" ಎಂದು ನನ್ನನ್ನೇ ವಿಚಾರಿಸುತ್ತಾರಂತೆ. "ಏನು ಹೇಳಿದೆ?" ಎಂದೆ. "ಲಿಫ್ಟಿನ ಬಾಗಿಲಿನ ಬಗ್ಗೆ ಮಾತಾಡಿದೆ, ಅವರು ಸುಸ್ತಾಗೋ ತನಕ" ಎಂದ. ಮದುವೆಯಾದ ಮೇಲೆ ಅವನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ಆದರೆ ರಸ್ತೆಯಲ್ಲಿ ಕಾರು ನಿಧಾನವಾದರೆ ಇಬ್ಬರೂ ಮಾತು ನಿಲ್ಲಿಸುತ್ತೇವೆ.

ನಿನ್ನೆ, ಗುರುವಾರ, ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಅವಳೇ. ಕೈಯಲ್ಲಿ ಅಂಗಡಿಯ ಚೀಲ.

"ಅವರು ಕೆಳಗೆ ಕಾರಲ್ಲಿದಾರೆ. ಕರ್ಟನ್ ತಗೋಬೇಕು ಅಂದೆ. ದರ್ಜಿ ಅಂಚು ಹೊಲೀತಿದಾನೆ. ಆ ಸದ್ದು ನಿಂತ್ರೆ ನಾನು ಹೋಗ್ಬೇಕು" ಎಂದಳು. ಕೂರಲಿಲ್ಲ.

ನಾನು ಏನೋ ತೊದಲಿದೆ. ಅವಳು ಕೈ ತೋರಿಸಿ ತಡೆದಳು. "ಅದೆಲ್ಲ ಬೇಡ. ನಿಮ್ಮ ಮನೇಲಿ ನನ್ನ ಬಗ್ಗೆ ಏನೇನು ಕಾಣಿಸ್ತಿತ್ತು? ಅಷ್ಟು ಹೇಳಿ."

ಹೇಳಿದೆ. ಹೆಸರು, ದಿನ, ಗಂಟೆ, ಎಷ್ಟನೆಯ ಭೇಟಿ. ನಾವು ಆಡಿದ ಮಾತು ಕಾಣಿಸುತ್ತಿರಲಿಲ್ಲ. ಒಂದು ತಿಂಗಳ ಹತ್ತಿರ ಅದು ಗೋಡೆಯ ಮೇಲಿತ್ತು. ನನ್ನ ಗಂಡ ನೋಡಿದ್ದಾನೆ, ಅತ್ತೆಯವರು ನೋಡಿರಬಹುದು. ಪರಿಚಯ ಇದೆ ಎಂದು ನನ್ನ ಗಂಡನೇ ಸಾಹೇಬರಿಗೆ ಹೇಳಿದ್ದು. ಮಂಗಳವಾರ ಎಂದು ಹೇಳಿದ್ದನೋ ಇಲ್ಲವೋ ಗೊತ್ತಿಲ್ಲ. ಒಂದೊಂದು ಹೇಳುವಾಗಲೂ ಅವಳು ತಲೆಯಾಡಿಸಿದಳು.

"ಅವರು ಅವತ್ತು ಸ್ಕ್ರೀನ್ ನೋಡಿದ್ರಾ?" ನಾನು ಕೇಳಿದೆ. ಕೇಳಬಾರದಿತ್ತು.

"ನನ್ನನ್ನ ಒಂದು ಮಾತೂ ಕೇಳಿಲ್ಲ" ಎಂದಳು. "ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೊರಡೋವಾಗ ಹೇಳ್ತಾರೆ: ಇವತ್ತು ಮಳೆಯಂತೆ, ಎಲ್ಲೂ ಹೋಗ್ಬೇಡ. ಪ್ರತಿ ಮಂಗಳವಾರ. ಎಷ್ಟೇ ಬಿಸಿಲಿದ್ರೂ."

ಕೆಳಗೆ ಮೆಷಿನ್ ನಿಂತಿತು. ಇಬ್ಬರೂ ನೆಲ ನೋಡಿದೆವು. ಮತ್ತೆ ಶುರುವಾಯಿತು.

ನಿನ್ನ ಗೆಳತಿಯ ವಿಳಾಸ ಹೇಳಿದೆ. ಬರೆದುಕೊಡಲಿಲ್ಲ. ಮಗ್ಗಿ ಕಲಿಯುವ ಮಕ್ಕಳ ಹಾಗೆ ಅವಳು ಅದನ್ನು ತಿರುಗಿ ಹೇಳಿದಳು. ಒಂದು ಕಡೆ ತಪ್ಪಿತು, ತಿದ್ದಿದೆ. ಇನ್ನೊಮ್ಮೆ ಹೇಳಿದಳು. "ಯಾವ ದಿನ ಬೇಕಾದರೂ ಹೋಗಬಹುದು" ಎಂದೆ. "ಮಂಗಳವಾರ ಬಿಟ್ಟು" ಎಂದಳು. ಆಮೇಲೆ, "ಅವರ ಹತ್ರ ಏನಿದೆ? ಇದೇ ಥರದ್ದಾ?" ಎಂದು ಕಂಪ್ಯೂಟರ್ ಕಡೆ ಗಲ್ಲ ತೋರಿಸಿದಳು. ಗೊತ್ತಿಲ್ಲ ಅಂದೆ. "ಮೊದಲು ಅದನ್ನೇ ಕೇಳಿ. ಯಾರು ತೆರೀಬಹುದು, ಎಲ್ಲೆಲ್ಲಿ ಕಾಣುತ್ತೆ, ಯಾರಿಗೆ ಏನು ಕಳಿಸುತ್ತೆ. ಉತ್ತರ ಹಿಡಿಸದಿದ್ರೆ ಎದ್ದು ಬನ್ನಿ."

ಮೆಷಿನ್ ನಿಂತಿತು. ಈ ಸಲ ಮತ್ತೆ ಶುರುವಾಗಲಿಲ್ಲ. ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. ಏನೋ ಹೇಳುತ್ತಾಳೆ ಅಂದುಕೊಂಡೆ. ಮಫ್ಲರ್ ಬಿಗಿ ಮಾಡಿಕೊಂಡು ಇಳಿದುಹೋದಳು.

ಕಿಟಕಿಯ ಪಕ್ಕ ನಿಂತು ನೋಡಿದೆ. ಸಾಹೇಬರು ಕಾರಿನಿಂದ ಇಳಿದು ಅವಳ ಕೈಯಿಂದ ಚೀಲ ತೆಗೆದುಕೊಂಡರು. ಒಳಗೆ ಕೈ ಹಾಕಿ ಬಟ್ಟೆ ಮುಟ್ಟಿ ನೋಡಿದರು. ಹಿಂದಿನ ಸೀಟಿನಿಂದ ಕೊಡೆ ತೆಗೆದರು. ದೊಡ್ಡಮ್ಮ, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಅವರು ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದರು. ಕಾರಿನ ಬಾಗಿಲವರೆಗಿನ ಆ ನಾಲ್ಕು ಹೆಜ್ಜೆಗೆ. ಅವಳು ಕೂತ ಮೇಲೆ ಕೊಡೆ ಮಡಿಸುತ್ತ ಕತ್ತೆತ್ತಿದರು. ಆಕಾಶ ನೋಡಿದರೋ, ನನ್ನ ಕಿಟಕಿ ನೋಡಿದರೋ.

ನಿನ್ನ ಗೆಳತಿಯನ್ನು ಒಂದು ಮಾತು ಕೇಳುತ್ತೀಯಾ? ಅವಳು ಹೋದಳೇ ಎಂದು. ಹೌದು ಇಲ್ಲ ಅಷ್ಟೇ ಸಾಕು. ಇನ್ನೇನೂ ಬೇಡ. ನನಗೆ ಊಟ ಸೇರುತ್ತಿಲ್ಲ.

ಅರಳು


ಫೆಬ್ರವರಿ ೨೦

ಅರಳು,

ಊಟ ಮಾಡು. ಅಳಿಯಂದಿರನ್ನೂ ಕೂರಿಸಿಕೊಂಡು ಮಾಡು. ಸೋಮವಾರದ ಆ ಸಂದೇಶವನ್ನು ಇನ್ನು ನಿಲ್ಲಿಸು, ಮಂಗಳವಾರ ಬೇರೆ ಯಾರಿಗಾದರೂ ಬೇಕಾಗುತ್ತದೆ.

ಅವಳು ಹೋದಳೇ ಎಂದು ನಾನು ಕೇಳುವುದಿಲ್ಲ. ನೀನೂ ಇನ್ನು ಕೇಳಬೇಡ. ಹೋಗಿದ್ದರೂ ನಮಗೆ ತಿಳಿಯುವುದಿಲ್ಲ, ಹೋಗದಿದ್ದರೂ ತಿಳಿಯುವುದಿಲ್ಲ. ಈ ಭಯ ನಿನ್ನ ಜೊತೆಯಲ್ಲೇ ಇರುತ್ತದೆ, ಅದಕ್ಕೊಂದು ಕುರ್ಚಿ ಹಾಕು.

ಕೇಳಿದರೆ ನನ್ನ ಗೆಳತಿ ಹೇಳಿಬಿಡುವಂಥವಳಾಗಿದ್ದರೆ, ನಾನು ನಿನಗೆ ಅವಳ ವಿಳಾಸ ಕೊಡುತ್ತಿರಲಿಲ್ಲ.

ದೊಡ್ಡಮ್ಮ